ಎರಡು ಪುಟದಲ್ಲಿ ಐದು ವರ್ಷ

ಅಪ್ಪೆಮಿಡಿ ಉಪ್ಪಿನಕಾಯಿಯ ವಿಷಯವನ್ನು ಈ ಸಲ ಮುಂದುವರಿಸುತ್ತೇನೆ ಅಂತ ಹೇಳಿದ್ದೆ. ಉಪ್ಪಿನ ಅಳತೆ ಕೇಳಿ ಮೂರ್ನಾಲ್ಕು ಓದುಗರು ಬರೆದೂ ಇದ್ದಾರೆ. ಅವರು ಇನ್ನೊಂದು ವಾರ ತಡೆದುಕೊಳ್ಳಬೇಕು. ಮಿಡಿ ಭರಣಿಯಲ್ಲಿ ಕೂತಿದೆ, ಅದಕ್ಕೇನೂ ಅವಸರವಿಲ್ಲ. ಅವಸರ ಇರುವುದು ನನ್ನ ಅಕ್ಕನ ಮಗಳಿಗೆ. ಎರಡು ತಿಂಗಳಿಂದ ನಮ್ಮ ಮನೆಯಲ್ಲಿ, ಸಾಗರದ ಕಡೆಯ ಅಕ್ಕನ ಮನೆಯಲ್ಲಿ, ನೆದರ್ಲೆಂಡ್ಸಿನ ಒಂದು ಸಣ್ಣ ಬಾಡಿಗೆ ಕೋಣೆಯಲ್ಲಿ, ಮೂರೂ ಕಡೆ ಮಾತು ಒಂದೇ: ರಿಸರ್ಚ್ ಸ್ಟೇಟ್‌ಮೆಂಟ್.

ಇದನ್ನು ಕನ್ನಡದಲ್ಲಿ ‘ಸಂಶೋಧನಾ ಹೇಳಿಕೆ’ ಅಂದರೆ ಪೊಲೀಸ್ ಠಾಣೆಯಲ್ಲಿ ಬರೆದುಕೊಟ್ಟ ಹಾಗೆ ಕೇಳಿಸುತ್ತದೆ. ಅದಕ್ಕೆ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಳ್ಳೋಣ. ವಿಷಯ ಇಷ್ಟೇ. ದೊಡ್ಡ ವಿಶ್ವವಿದ್ಯಾಲಯದಲ್ಲೋ, ನಮ್ಮ ಐಐಟಿ, ಐಸರ್‌ನಂಥ ಸಂಸ್ಥೆಯಲ್ಲೋ ಅಧ್ಯಾಪಕರ ಕೆಲಸಕ್ಕೆ ಅರ್ಜಿ ಹಾಕುವವರು ಅಂಕಪಟ್ಟಿ, ಪ್ರಕಟವಾದ ಪ್ರಬಂಧಗಳ ಪಟ್ಟಿ ಕಳಿಸಿದರೆ ಸಾಲದು. ಇಷ್ಟು ದಿನ ಏನು ಹುಡುಕಿದೆ, ಅದರಿಂದ ಏನು ತಿಳಿಯಿತು, ಮುಂದೆ ಸ್ವಂತ ಲ್ಯಾಬ್ ಕೊಟ್ಟರೆ ಐದು ವರ್ಷ ಏನು ಹುಡುಕುತ್ತೀಯ, ಹೇಗೆ, ಯಾಕೆ ಅಂತ ತಾನೇ ಬರೆದು ಕೊಡಬೇಕು. ಕೆಲವು ಕಡೆ ಎರಡು ಪುಟ, ಕೆಲವು ಕಡೆ ಮೂರು, ಐದು. ಜೊತೆಗೆ ಪಾಠ ಹೇಗೆ ಮಾಡುತ್ತೀಯ ಎಂಬುದಕ್ಕೆ ಇನ್ನೊಂದು ಕಾಗದ, ಮೂರು ಜನ ಹಿರಿಯರ ಶಿಫಾರಸು ಪತ್ರ.

ನಾನು ಕಾಲೇಜಿಗೆ ಸಸ್ಯಶಾಸ್ತ್ರದ ಲೆಕ್ಚರರ್ ಆಗಿ ಸೇರಿದ್ದು 1983ರಲ್ಲಿ. ಅರ್ಜಿ ಅಂದರೆ ಟೈಪ್ ಮಾಡಿಸಿದ ಟ್ರೂ ಕಾಪಿ, ಅದಕ್ಕೊಬ್ಬ ಗೆಜೆಟೆಡ್ ಅಧಿಕಾರಿಯ ಸಹಿ, ಒಂದು ಪೋಸ್ಟಲ್ ಆರ್ಡರ್. ಇಂಟರ್‌ವ್ಯೂನಲ್ಲಿ ಐದು ಜನ ಗಂಡಸರು ಕೂತಿದ್ದರು. ಒಬ್ಬರು ಬಾಷ್ಪವಿಸರ್ಜನೆ ವಿವರಿಸು ಅಂದರು. ಇನ್ನೊಬ್ಬರು ಮದುವೆಯಾದ ಮೇಲೆ ಕೆಲಸ ಬಿಡ್ತೀಯೇನಮ್ಮ ಅಂತ ಕೇಳಿದರು. ಮುಂದಿನ ಐದು ವರ್ಷ ಏನು ಯೋಚನೆ ಮಾಡ್ತೀಯ ಅಂತ ಮಾತ್ರ ಯಾರೂ ಕೇಳಲಿಲ್ಲ. ಆ ಪ್ರಶ್ನೆ ನನ್ನ ಅಕ್ಕನ ಮಗಳಿಗೆ ಬಂದಿದೆ ಅಂದರೆ ನನಗೆ ಸಣ್ಣ ಹೊಟ್ಟೆಕಿಚ್ಚೇ ಇದೆ.

ಅವಳಿಗೀಗ ಮೂವತ್ತನಾಲ್ಕು. ಬೆಂಗಳೂರಿನಲ್ಲಿ ಪಿಎಚ್.ಡಿ. ಮುಗಿಸಿ, ಒಂದು ಕಡೆ ಎರಡು ವರ್ಷ, ಈಗ ನೆದರ್ಲೆಂಡ್ಸಿನಲ್ಲಿ ನಾಲ್ಕನೆಯ ವರ್ಷ ಪೋಸ್ಟ್ ಡಾಕ್. ಪೋಸ್ಟ್ ಡಾಕ್ ಅಂದರೆ ಏನು ಅಂತ ನಮ್ಮ ನೆಂಟರಿಗೆ ಹೇಳುವಷ್ಟರಲ್ಲಿ ಅಕ್ಕನಿಗೆ ಸಾಕುಸಾಕಾಗಿದೆ. ಡಾಕ್ಟರಾದ ಮೇಲೂ ಓದುತ್ತಾಳಾ ಅಂತ ಕೇಳುತ್ತಾರೆ. ಓದುವುದಲ್ಲ, ದುಡಿಯುವುದು. ಆದರೆ ಕಾಯಂ ಅಲ್ಲ, ಲ್ಯಾಬ್ ಬೇರೆಯವರದು, ಕರಾರು ಮುಗಿದರೆ ಮನೆಗೆ. ಅವಳ ಕರಾರು ಬರುವ ಮೇ ತಿಂಗಳಿಗೆ ಮುಗಿಯುತ್ತದೆ. ಕಳೆದ ಎರಡು ವರ್ಷ ಅರ್ಜಿ ಹಾಕಿ ಆಗಿದೆ. ಎಲ್ಲೂ ಇಂಟರ್‌ವ್ಯೂವರೆಗೂ ಹೋಗಲಿಲ್ಲ. ಒಂದು ಸಂಸ್ಥೆಯಂತೂ ಅರ್ಜಿ ತಲುಪಿದೆ ಎಂಬ ಒಂದು ಸಾಲನ್ನೂ ಬರೆಯಲಿಲ್ಲ. ಈ ಸಲವೂ ಆಗದಿದ್ದರೆ ಲ್ಯಾಬ್ ಬಿಟ್ಟು ಯಾವುದಾದರೂ ಕಂಪನಿ ಸೇರುತ್ತೇನೆ ಅಂತ ಹೇಳಿದ್ದಾಳೆ. ಸಿಟ್ಟಿನಲ್ಲಿ ಹೇಳಿದ್ದಲ್ಲ, ಲೆಕ್ಕ ಹಾಕಿ ಹೇಳಿದ್ದು.

ಅವಳು ಕೆಲಸ ಮಾಡುವುದು ಆಲೂಗಡ್ಡೆಯ ಅಂಗಮಾರಿ ರೋಗದ ಮೇಲೆ. ಹಾಸನದ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1845ರಲ್ಲಿ ಐರ್ಲೆಂಡಿನ ಹೊಲಗಳನ್ನು ಕಪ್ಪಾಗಿಸಿ, ಸುಮಾರು ಹತ್ತು ಲಕ್ಷ ಜನರನ್ನು ಹಸಿವಿನಿಂದಲೂ ಕಾಯಿಲೆಯಿಂದಲೂ ಕೊಂದು, ಅಷ್ಟೇ ಜನರನ್ನು ಹಡಗು ಹತ್ತಿಸಿದ ಮಹಾರಾಯ ಇದೇ. ಹೆಸರು ಫೈಟಾಫ್ತೊರಾ. ಗಿಡ ನಾಶಕ ಅಂತ ಗ್ರೀಕಿನಲ್ಲಿ ಅರ್ಥ. ನಾನು ಪಾಠ ಮಾಡುವಾಗ ಇದನ್ನು ಶಿಲೀಂಧ್ರಗಳ ಅಧ್ಯಾಯದಲ್ಲೇ ಹೇಳುತ್ತಿದ್ದೆ, ಆಗಿನ ಪುಸ್ತಕಗಳಲ್ಲಿ ಹಾಗೇ ಇತ್ತು. ಈಗ ಅದು ಶಿಲೀಂಧ್ರವೇ ಅಲ್ಲ, ಕಂದು ಪಾಚಿಯ ದಾಯಾದಿ ಅಂತ ಎಲ್ಲರೂ ಒಪ್ಪಿದ್ದಾರೆ. ಕೋಶದ ಗೋಡೆ ಬೇರೆ, ವಂಶ ಬೇರೆ. ಅದಕ್ಕೇ ಅಣಬೆ ಜಾತಿಯ ರೋಗಗಳಿಗೆ ನಾಟುವ ಎಷ್ಟೋ ಔಷಧಿ ಇದಕ್ಕೆ ನಾಟುವುದಿಲ್ಲ. ಇದರ ಬೀಜಾಣುವಿಗೆ ಎರಡು ಬಾಲ. ಎಲೆಯ ಮೇಲೆ ಒಂದು ಹನಿ ನೀರಿದ್ದರೆ ಅದರಲ್ಲಿ ಈಜಿಕೊಂಡು ಹೋಗಿ ಕೂರುತ್ತದೆ.

ನೀರು, ತಂಪು, ಈಜು. ಮಲೆನಾಡಿನವರಿಗೆ ಇಷ್ಟು ಹೇಳಿದರೆ ಸಾಕು. ನಮ್ಮ ಅಡಿಕೆಯ ಕೊಳೆರೋಗವೂ ಇದೇ ಮನೆತನದ್ದು.

ಮೊದಲ ಕರಡು ನನಗೆ ಬಂದದ್ದು ಆಗಸ್ಟ್ ಕೊನೆಗೆ. ಆರು ಪುಟ, ಕನ್ನಡಕ ಒರೆಸಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರ. ಮೊದಲ ವಾಕ್ಯದಲ್ಲೇ ನಾಲ್ಕು ಜೀನ್‌ಗಳ ಹೆಸರು. ಮುಂದೆ ಮೊದಲ ಪ್ರಬಂಧದಲ್ಲಿ ಇದು ಮಾಡಿದೆವು, ಎರಡನೆಯದರಲ್ಲಿ ಅದು ಮಾಡಿದೆವು ಅಂತ ಒಂಬತ್ತು ಪ್ರಬಂಧದವರೆಗೆ. ಭವಿಷ್ಯ ಬಂದದ್ದು ಕೊನೆಯ ಪುಟದ ಕೊನೆಯ ಪ್ಯಾರಾದಲ್ಲಿ, ಬಸ್ಸು ಹೊರಟ ಮೇಲೆ ಓಡಿ ಬಂದವರ ಹಾಗೆ.

ಆ ಪ್ರಬಂಧಗಳ ಪಟ್ಟಿ ಬೇರೆ ಕಾಗದದಲ್ಲಿ ಇದ್ದೇ ಇರುತ್ತದೆ. ಅದನ್ನೇ ವಾಕ್ಯ ಮಾಡಿ ಮತ್ತೆ ಬರೆದರೆ ಓದುವವರಿಗೆ ಏನು ಸಿಗುತ್ತದೆ? ನಾನು ಆಯ್ಕೆ ಸಮಿತಿಗಳಲ್ಲಿ ಕೂತವಳು. ನಮ್ಮ ಮಟ್ಟದ ಸಮಿತಿ, ದೊಡ್ಡದೇನಲ್ಲ. ಆದರೆ ಮೇಜಿನ ಆ ಬದಿಯ ಸುಸ್ತು ಎಲ್ಲ ಕಡೆ ಒಂದೇ. ಜೀವಶಾಸ್ತ್ರ ವಿಭಾಗದ ಸಮಿತಿಯಲ್ಲಿ ಒಬ್ಬರು ಮೀನಿನ ಮೇಲೆ ಕೆಲಸ ಮಾಡುವವರು, ಒಬ್ಬರು ಮೆದುಳು, ಒಬ್ಬರು ಜೇನುನೊಣ. ಗಿಡದ ರೋಗ ಗೊತ್ತಿರುವವರು ಒಬ್ಬರಿದ್ದರೆ ಪುಣ್ಯ. ಅವರೆಲ್ಲ ಪಾಠ, ಪರೀಕ್ಷೆ ಮುಗಿಸಿ ರಾತ್ರಿ ಕೂತು ನೂರಾರು ಅರ್ಜಿ ತಿರುವಿ ಹಾಕುತ್ತಿರುತ್ತಾರೆ. ಮೊದಲ ಅರ್ಧ ಪುಟದಲ್ಲಿ ಮೀನಿನವರಿಗೆ ಅರ್ಥವಾಗದಿದ್ದರೆ ಮುಂದಿನದ್ದನ್ನು ಗಿಡದವರು ಮಾತ್ರ ಓದುತ್ತಾರೆ. ಆಮೇಲಿನ ಪುಟಗಳಲ್ಲಿ ಗಿಡದವರಿಗೂ ತೃಪ್ತಿಯಾಗಬೇಕು, ಈ ಹುಡುಗಿಗೆ ಕೆಲಸ ಗೊತ್ತು ಅನ್ನಿಸಬೇಕು. ಮದುವೆ ಅಡುಗೆಯ ಹಾಗೆ. ಸಕ್ಕರೆ ಕಾಯಿಲೆಯವರೂ ಉಣ್ಣಬೇಕು, ಮಕ್ಕಳೂ ಉಣ್ಣಬೇಕು, ಬೀಗರು ತಪ್ಪು ಹಿಡಿಯಬಾರದು.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ‘ಚಿಕ್ಕಮ್ಮ, ಒಂಬತ್ತು ಪ್ರಬಂಧದಲ್ಲಿ ಯಾವುದನ್ನು ಬಿಡಲಿ? ಒಂದೊಂದಕ್ಕೂ ಒಂದೊಂದು ವರ್ಷ ಹೋಗಿದೆ’ ಅಂದಳು. ಹೋದ ವರ್ಷಗಳ ಲೆಕ್ಕ ಸಮಿತಿಗೆ ಬೇಡ. ಒಂಬತ್ತನ್ನೂ ಪೋಣಿಸಿದ ದಾರ ಯಾವುದು, ಅದನ್ನು ಹೇಳು ಅಂದೆ. ಎರಡು ದಿನ ಸುಮ್ಮನಿದ್ದು ಒಂದು ಸಾಲು ಕಳಿಸಿದಳು: ‘ಒಂದು ಗಿಡಕ್ಕೆ ಒಗ್ಗಿಕೊಂಡ ರೋಗಾಣು ಇನ್ನೊಂದು ಗಿಡಕ್ಕೆ ಹೇಗೆ ದಾಟುತ್ತದೆ?’ ಒಂಬತ್ತರಲ್ಲಿ ಆರು ಪ್ರಬಂಧ ಈ ಪ್ರಶ್ನೆಗೇ ಸೇರಿದ್ದವು. ಉಳಿದ ಮೂರು ಅವರಿವರಿಗೆ ಕೈಜೋಡಿಸಿದ್ದು. ಆರು ವರ್ಷ ತಾನು ಏನು ಮಾಡುತ್ತಿದ್ದೆ ಅಂತ ಅವಳಿಗೇ ಆವತ್ತು ಒಂದು ವಾಕ್ಯದಲ್ಲಿ ಕಂಡಿತು ಅಂತ ಕಾಣುತ್ತದೆ. ಧ್ವನಿ ಬದಲಾಗಿತ್ತು.

ಆಮೇಲೆ ಶುರುವಾಯಿತು ‘ನಾನು’ ಮತ್ತು ‘ನಾವು’ ಜಗಳ. ವಿಜ್ಞಾನದ ಪ್ರಬಂಧಗಳಲ್ಲಿ ಎಲ್ಲವೂ ‘ನಾವು’. ನಾವು ಕಂಡುಕೊಂಡೆವು, ನಾವು ತೋರಿಸಿದೆವು. ಹತ್ತು ಜನರ ಕೆಲಸ, ಅದು ಸರಿ. ಆದರೆ ಸ್ಟೇಟ್‌ಮೆಂಟಿನಲ್ಲಿ ಕೆಲಸ ಕೇಳುತ್ತಿರುವವಳು ಒಬ್ಬಳು. ಆ ಹತ್ತರಲ್ಲಿ ನೀನು ಮಾಡಿದ್ದೇನು ಅಂತ ಸಮಿತಿಗೆ ಗೊತ್ತಾಗಬೇಕು. ಇವಳ ಕೈಯಲ್ಲಿ ‘ನಾನು’ ಬರೆಯುವುದಕ್ಕೇ ಆಗುತ್ತಿಲ್ಲ. ‘ನಾನು ಮಾಡಿದೆ ಅಂತ ಬರೆದರೆ ಜಂಬ ಅನ್ನಿಸ್ತದೆ’ ಅನ್ನುತ್ತಾಳೆ. ಯಾಕೆ ಅನ್ನಿಸುವುದಿಲ್ಲ? ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಇಡೀ ದಿನ ಒಲೆ ಮುಂದೆ ನಿಂತು ಐವತ್ತು ಜನಕ್ಕೆ ಬಡಿಸಿ, ಅಡುಗೆ ಚೆನ್ನಾಗಿತ್ತು ಅಂದರೆ ‘ಎಂತದೋ ಒಂದು ಮಾಡಿದ್ವಿ’ ಅಂತಲೇ ಹೇಳುವುದು. ಅಕ್ಕ ಹಾಗೆ, ನಾನು ಹಾಗೆ, ನಮ್ಮಮ್ಮ ಹಾಗೆ. ಅವಳ ಜೊತೆಗಿರುವ ಹುಡುಗನೊಬ್ಬ ತನ್ನ ಕರಡಿನಲ್ಲಿ, ಇವಳೂ ಸೇರಿ ಮಾಡಿದ ಪ್ರಯೋಗವನ್ನು ನಿರಾಳವಾಗಿ ‘ನಾನು’ ಅಂತ ಬರೆದುಕೊಂಡಿದ್ದಾನೆ. ಅದನ್ನು ಓದಿದ ಮೇಲೆ ಇವಳಿಗೆ ಸ್ವಲ್ಪ ಧೈರ್ಯ ಬಂತು. ಮಾಡಿದ್ದಕ್ಕೆ ನಾನು, ಕೂಡಿ ಮಾಡಿದ್ದಕ್ಕೆ ಯಾರ ಜೊತೆ ಅಂತ ಹೆಸರು. ಹಾಗೆ ತಿದ್ದಿದಾಗ ಆರು ಪುಟ ನಾಲ್ಕಾಯಿತು. ಸಂಕೋಚ ಅಷ್ಟು ಜಾಗ ತಿನ್ನುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ನಡುವೆ ಒಂದು ದಿನ ಯಾರೋ ಹೇಳಿದರು ಅಂತ ಕಂಪ್ಯೂಟರಿನ ಚಾಟ್‌ಬಾಟ್‌ಗೆ ಕರಡನ್ನು ಕೊಟ್ಟು ಚಂದ ಮಾಡಿಸಿ ಕಳಿಸಿದಳು. ಚಿನ್ನದಂಗಡಿಯ ಜಾಹೀರಾತಿನ ಹಾಗಿತ್ತು. ಹೊಳಪಿತ್ತು, ತೂಕ ಎಷ್ಟು ಅಂತ ಹೇಳಿರಲಿಲ್ಲ. ಹಳೆಯದಕ್ಕೇ ವಾಪಸ್ಸಾದೆವು.

ನಿಜವಾದ ಕಷ್ಟ ಬಂದದ್ದು ಮುಂದಿನ ಐದು ವರ್ಷದ ಭಾಗದಲ್ಲಿ. ಇದು ಆಸ್ತಿ ಪಾಲಾಗುವ ವಿಷಯದಂತೆಯೇ ನಾಜೂಕಿನದು. ಆಲೂಗಡ್ಡೆ ಅವಳ ಪ್ರೊಫೆಸರರ ಹಿಸ್ಸೆ. ಇಪ್ಪತ್ತು ವರ್ಷದಿಂದ ಅವರು ಕೂಡಿಟ್ಟ ರೋಗಾಣುಗಳ ತಳಿ, ಅವರ ಯಂತ್ರ, ಅವರ ಹುಡುಗರು. ಈ ರೋಗಾಣುವಿನ ಇಡೀ ಡಿಎನ್‌ಎ ಓದಿ ಪ್ರಕಟಿಸಿದ್ದು 2009ರಲ್ಲಿ. ಅದರ ಮುಕ್ಕಾಲು ಭಾಗ ಬರೀ ಪುನರಾವರ್ತನೆ, ಗಿಡದ ಕಾವಲು ಮುರಿಯುವ ಜೀನ್‌ಗಳು ಅದರ ನಡುವೆಯೇ ಅಡಗಿ ಕೂತಿವೆ ಅಂತ ಆಗ ತಿಳಿಯಿತು. ಅಂದಿನಿಂದ ಪ್ರಪಂಚದ ಎಷ್ಟೋ ಲ್ಯಾಬುಗಳು ಅದರ ಮೇಲೆ ಬಿದ್ದಿವೆ. ಇವಳು ಹೊಸ ಜಾಗದಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅದನ್ನೇ ಮಾಡುತ್ತೇನೆ ಅಂದರೆ, ಪ್ರೊಫೆಸರರ ನೆರಳು ಅಂತ ಸಮಿತಿ ಪಕ್ಕಕ್ಕಿಡುತ್ತದೆ. ಪೂರ್ತಿ ಬೇರೆಯದೇ ಮಾಡುತ್ತೇನೆ ಅಂದರೆ, ಇದು ಇವಳಿಗೆ ಗೊತ್ತಿದೆಯಾ ಅಂತ ಅನುಮಾನ. ಮನೆಯಿಂದ ಬೇರೆಯಾಗುವಾಗ ಯಾವ ಪಾತ್ರೆ ತೆಗೆದುಕೊಂಡು ಹೋಗಬಹುದು, ಯಾವುದನ್ನು ಮುಟ್ಟಬಾರದು ಅಂತ ಮೊದಲೇ ಬಾಯಿಬಿಟ್ಟು ಕೇಳಿಕೊಳ್ಳಬೇಕು. ಇವಳು ಕೇಳಿದಳು. ಆ ಪ್ರೊಫೆಸರು ಒಳ್ಳೆಯವರು. ವಿಧಾನಗಳೆಲ್ಲ ನಿನ್ನವೂ ಹೌದು, ಆಲೂಗಡ್ಡೆಯ ತಳಿಗಳನ್ನು ಮಾತ್ರ ಐದು ವರ್ಷ ಮುಟ್ಟಬೇಡ ಅಂದರಂತೆ. ಎಷ್ಟೋ ಮನೆಗಳ ಪಾಲುಪಟ್ಟಿಗಿಂತ ಇದು ಸ್ಪಷ್ಟವಾಗಿದೆ.

ಹಾಗಾಗಿ ಅಡಿಕೆಗೆ ಬಂದಳು. ಅವಳು ಹುಟ್ಟಿ ಬೆಳೆದದ್ದೇ ಆ ತೋಟದಲ್ಲಿ. ಬೋರ್ಡೋ ದ್ರಾವಣದ ಲೆಕ್ಕ ಅವಳಿಗೆ ಮಗ್ಗಿಗಿಂತ ಮೊದಲು ಬಂದಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಬ್ಬಿಣದ ಪಾತ್ರೆ ಕೂಡದು. ದ್ರಾವಣದಲ್ಲಿ ಹೊಳೆಯುವ ಕತ್ತಿ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ. ಆ ಕತ್ತಿ ಅದ್ದುವ ಕೆಲಸ ಚಿಕ್ಕಂದಿನಲ್ಲಿ ಅವಳದೇ. ‘ಇದರಿಂದಲೇ ಶುರುಮಾಡಲಾ?’ ಅಂತ ಕೇಳಿದಳು. ಬೇಡ ಅಂದೆ. ಓದುಗರಾದ ನಮಗೆ ಇಂಥದ್ದು ಇಷ್ಟ. ನೂರಾರು ಅರ್ಜಿ ಮುಂದಿಟ್ಟುಕೊಂಡವರಿಗೆ ಬಾಲ್ಯದ ಕಥೆ ಬೇಡ, ಪ್ರಶ್ನೆ ಬೇಕು. ಅರ್ಧ ಸಾಲು ಇರಲಿ, ಈ ತೋಟಗಳಿಗೆ ಇವಳು ಹೊರಗಿನವಳಲ್ಲ ಅಂತ ಗೊತ್ತಾಗುವಷ್ಟು.

ಅಡಿಕೆ ಕೊಳೆಯ ಚರಿತ್ರೆಯೂ ಸಣ್ಣದಲ್ಲ. ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಲೆಸ್ಲಿ ಕೋಲ್ಮನ್ ನಮ್ಮ ಮಲೆನಾಡಿನ ಮಳೆಯಲ್ಲಿ ತೋಟ ತಿರುಗಿ, ಈ ರೋಗಕ್ಕೆ ಕಾರಣ ಫೈಟಾಫ್ತೊರಾ ಅಂತ 1910ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟದ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಗೆ ಹೊಡೆಸಿದವರೂ ಅವರೇ. ಅಂದಿನಿಂದ ಇಂದಿನವರೆಗೆ ಕೊನೆಗಾರ ಮರ ಹತ್ತುತ್ತಲೇ ಇದ್ದಾನೆ, ಮೈಲುತುತ್ತ ಹೊಡೆಯುತ್ತಲೇ ಇದ್ದೇವೆ. ದೋಟಿ ಬಂತು, ಪಂಪು ಬಂತು, ಔಷಧಿ ಮಾತ್ರ ಅದೇ. ಇನ್ನೊಂದು ತಮಾಷೆ ಕೇಳಿ. ಕಾಫಿ ಗಿಡದ ಎಲೆ ಕೊಳೆಸುವ ಶಿಲೀಂಧ್ರವೊಂದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲೇ ‘ಪೆಲಿಕ್ಯುಲೇರಿಯಾ ಕೊಲೆರೋಗ’ ಅಂತ ಲ್ಯಾಟಿನ್ ಹೆಸರಿಟ್ಟಿದ್ದರು. ನಮ್ಮ ಕೊಳೆರೋಗವೇ ಅದು, ಳಕಾರ ಮಾತ್ರ ಹಡಗಿನಲ್ಲಿ ಕಳೆದುಹೋಯಿತು.

ಇಷ್ಟೆಲ್ಲ ಇದ್ದರೂ ಅಡಿಕೆ ಅಂತ ಬರೆಯುವುದರಲ್ಲಿ ಒಂದು ಮುಳ್ಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಬರೀ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂಬ ವರ್ಗಕ್ಕೆ ಸೇರಿಸಿದೆ. ನಮ್ಮ ಕಡೆ ಈ ಮಾತು ಎತ್ತಿದರೆ ಪಂಕ್ತಿಯಲ್ಲಿ ಅರ್ಧ ಜನ ಏಳುತ್ತಾರೆ. ಆದರೆ ಇವಳ ಅರ್ಜಿ ಓದುವವರು ನಮ್ಮ ಪಂಕ್ತಿಯವರಲ್ಲ. ಕ್ಯಾನ್ಸರ್ ತರುವ ಬೆಳೆಯನ್ನು ಉಳಿಸುವುದಕ್ಕೆ ಸರ್ಕಾರದ ದುಡ್ಡು ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವಳ ಸ್ನೇಹಿತೆಯೊಬ್ಬಳು ಉಪಾಯ ಹೇಳಿದ್ದಳು: ಅಡಿಕೆ ಅನ್ನಬೇಡ, ‘ಉಷ್ಣವಲಯದ ಒಂದು ತಾಳೆ ಜಾತಿಯ ಮರ’ ಅಂತ ಬರೆ. ಸುಳ್ಳಲ್ಲ. ನನಗೆ ಮಾತ್ರ ಅದು ಮೊದಲ ಓದಿಗೇ ಸೇರಲಿಲ್ಲ. ಇಂಟರ್‌ವ್ಯೂನಲ್ಲಿ ಯಾವ ಮರ ಅಂತ ಕೇಳಿದರೆ ಹೇಳಲೇಬೇಕಲ್ಲ? ಆಗ ಅಡಗಿಸಿಟ್ಟದ್ದು ಅಡಿಕೆಗಿಂತ ದೊಡ್ಡ ವಿಷಯವಾಗುತ್ತದೆ.

ಈ ಮಾತು ನಡೆಯುವಾಗ ನಾನು ಅಕ್ಕನ ಮನೆಯಲ್ಲಿದ್ದೆ. ಸೆಪ್ಟೆಂಬರ್ ಮುಗಿಯುತ್ತ ಬಂದರೂ ಮಳೆ ಬಿಟ್ಟಿರಲಿಲ್ಲ. ಭಾವ ಮೂರನೆಯ ಸಲ ಔಷಧಿ ಹೊಡೆಸಬೇಕೋ ಬೇಡವೋ ಅಂತ ಆಕಾಶ ನೋಡುತ್ತ ಕೂತಿದ್ದರು. ವಿಡಿಯೋ ಕರೆಯಲ್ಲಿ ಮಗಳು ತನ್ನ ಐದು ವರ್ಷದ ಯೋಜನೆಯನ್ನು ಕನ್ನಡದಲ್ಲಿ ಹೇಳಿದಳು. ಹಾಗೆ ಹೇಳು ಅಂತ ಒತ್ತಾಯ ಮಾಡಿದವಳು ನಾನೇ. ಕನ್ನಡದಲ್ಲಿ ಹೇಳಲಾಗದ್ದು ಅವಳಿಗೇ ಪೂರ್ತಿ ಗೊತ್ತಾಗಿಲ್ಲ ಅಂತ ನನ್ನ ಲೆಕ್ಕ. ಕೊಳೆ ರೋಗಾಣುವಿನ ಡಿಎನ್‌ಎ ಓದುವುದು, ಅಡಿಕೆಯ ಕಾವಲು ಮುರಿಯುವ ಜೀನ್ ಹುಡುಕುವುದು, ಹೀಗೆ.

ಭಾವ ಪೂರ್ತಿ ಕೇಳಿದರು. ‘ಐದು ವರ್ಷಕ್ಕೆ ಕೊಳೆ ನಿಲ್ತದಾ?’

‘ಇಲ್ಲ ಅಪ್ಪಯ್ಯ.’

‘ಹತ್ತು ವರ್ಷಕ್ಕೆ?’

‘ಹೇಳಕ್ಕಾಗಲ್ಲ.’

ನಾನು ಆ ಹುಡುಗಿಯನ್ನು ಮೆಚ್ಚಿದ್ದು ಅಲ್ಲಿ. ಅಪ್ಪನ ಮುಂದೆ, ಅದೂ ಮಳೆ ಸುರಿಯುತ್ತಿರುವಾಗ, ನಿಲ್ಲಿಸಿಬಿಡ್ತೇನೆ ಅನ್ನುವುದು ಎಷ್ಟು ಸುಲಭ! ಭಾವನಿಗೂ ಬೇಜಾರಾಗಲಿಲ್ಲ. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತು, ‘ಅಲ್ಲ ಮಾರಾಯ್ತಿ, ಒಂದು ಕೇಳ್ತೇನೆ. ಕೊಳೆ ಬಂದ ಅಡಿಕೆ ಉದುರಿ ಬೀಳೋದೆಲ್ಲಿಗೆ? ಆ ಮರಕ್ಕೇ ಹಬ್ಬಿಸಿದ ಮೆಣಸಿನ ಬಳ್ಳಿ ಬುಡಕ್ಕೆ. ಬಳ್ಳಿ ಸೊರಗಿ ಸಾಯ್ತದೆ. ಕೆಳಗೆ ಏಲಕ್ಕಿ, ಅದರ ಕಾಯಿನೂ ಕೊಳೀತದೆ. ನೀವು ಓದಿದವರು ಅಡಿಕೆಗೆ ಒಬ್ಬರು ಬರ್ತೀರಿ, ಮೆಣಸಿಗೆ ಇನ್ನೊಬ್ಬರು, ಏಲಕ್ಕಿಗೆ ಮತ್ತೊಬ್ಬರು. ತೋಟ ನೋಡೋಕೆ ಅಂತ ಯಾರೂ ಬರಲಿಲ್ಲ’ ಅಂದರು.

ಆ ಕಡೆ ಮಾತಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡೆವು. ಹೋಗಿರಲಿಲ್ಲ, ಅವಳು ಬರೆದುಕೊಳ್ಳುತ್ತಿದ್ದಳು.

ವಿಷಯ ಏನೆಂದರೆ, ಭಾವ ಹೇಳಿದ ಮೂರು ರೋಗಕ್ಕೂ ಫೈಟಾಫ್ತೊರಾ ಬಳಗವೇ ಕಾರಣ. ಮೆಣಸಿನ ಸೊರಗು ರೋಗದ್ದು ಒಂದು ಜಾತಿ. ಅಡಿಕೆಯ ಕೊಳೆಯದ್ದು ಇನ್ನೊಂದು ಜಾತಿ. ಆ ಅಡಿಕೆಯದೇ ಜಾತಿ ಏಲಕ್ಕಿ ಕಾಯಿ ಕೊಳೆಸುವುದರಲ್ಲೂ, ರಬ್ಬರಿನ ಎಲೆ ಉದುರಿಸುವುದರಲ್ಲೂ ಸಿಕ್ಕಿಬಿದ್ದಿದೆ. ಇವೆಲ್ಲ ಒಂದೇ ಮಳೆಯಲ್ಲಿ, ಒಂದೇ ಮಣ್ಣಿನಲ್ಲಿ, ಒಂದೇ ಮರದ ಮೇಲೂ ಕೆಳಗೂ. ಇವು ತಮ್ಮ ತಮ್ಮ ಗಿಡಕ್ಕೆ ಅಂಟಿಕೊಂಡು ಸುಮ್ಮನಿವೆಯೋ, ಅಥವಾ ಒಂದರಿಂದ ಒಂದಕ್ಕೆ ದಾಟುತ್ತಿವೆಯೋ? ಎರಡು ಜಾತಿ ಕೂಡಿ ಹೊಸದು ಹುಟ್ಟಬಹುದೋ? ಹುಟ್ಟಿದ ಉದಾಹರಣೆ ಇದೆ. ಯುರೋಪಿನ ಹೊಳೆದಂಡೆಗಳ ಆಲ್ಡರ್ ಮರಗಳನ್ನು 1990ರ ದಶಕದಿಂದ ಕೊಲ್ಲುತ್ತಿರುವುದು ಹೀಗೆ ಎರಡು ಫೈಟಾಫ್ತೊರಾ ಬೆರೆತು ಹುಟ್ಟಿದ ಮಿಶ್ರತಳಿ. ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹೇಗೆ ದಾಟುತ್ತದೆ ಎಂಬುದು ಇವಳ ಆರು ವರ್ಷದ ದಾರ ತಾನೇ? ಆಲೂಗಡ್ಡೆಯ ಹೊಲದಲ್ಲಿ ಒಂದೇ ಬೆಳೆ. ಆ ಪ್ರಶ್ನೆಯನ್ನು ಅಲ್ಲಿ ಲ್ಯಾಬಿನೊಳಗೆ ಮಾತ್ರ ಕೇಳಬಹುದು. ಮಲೆನಾಡಿನ ತೋಟದಲ್ಲಿ ಅದು ಪ್ರತಿ ಮಳೆಗಾಲ ಕಣ್ಣೆದುರು ನಡೆಯುತ್ತಿದೆ.

ಅಡಿಕೆಯ ಮುಳ್ಳೂ ಅಲ್ಲಿಗೆ ಸ್ವಲ್ಪ ಸಡಿಲವಾಯಿತು. ಯೋಜನೆ ಅಡಿಕೆಯನ್ನು ಉಳಿಸುವುದಲ್ಲ, ತೋಟವನ್ನು ಅರ್ಥ ಮಾಡಿಕೊಳ್ಳುವುದು. ಆದರೂ ಇಡೀ ವಿಷಯ ಮುಚ್ಚಿಡದೆ ಒಂದು ವಾಕ್ಯ ಸೇರಿಸಿದಳು. ಅಡಿಕೆ ಜಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂಬುದು ಸ್ಥಾಪಿತ ಸಂಗತಿ. ಮುಂದೊಂದು ದಿನ ಈ ತೋಟಗಳು ಬೇರೆ ಬೆಳೆಗೆ ಹೊರಳಿದರೂ, ಮಣ್ಣಿನಲ್ಲಿ ಉಳಿಯುವ ಈ ರೋಗಾಣುಗಳು ಹೊಸ ಬೆಳೆಯನ್ನು ಏನು ಮಾಡುತ್ತವೆ ಎಂಬುದು ಇನ್ನೂ ಮುಖ್ಯವಾಗುತ್ತದೆ ಅಂತ. ಇದನ್ನು ಅಪ್ಪನಿಗೆ ಓದಿ ಹೇಳುವಾಗ ಅವಳ ಧ್ವನಿ ಸಣ್ಣದಾಯಿತು. ಭಾವ ಕವಳ ಬಾಯಲ್ಲಿಟ್ಟುಕೊಂಡೇ ಕೇಳಿ, ‘ಹೌದಪ, ಬರೆಯೋದು ಬರೀಬೇಕು’ ಅಂದರು. ಅಕ್ಕ ಒಳಗಿನಿಂದ, ‘ಅದನ್ನ ಕೇಳಿಯಾದ್ರೂ ಕವಳ ಬಿಡಿ’ ಅಂದಳು. ಬಿಟ್ಟಿಲ್ಲ.

ಉಳಿದದ್ದು ಜೋಡಣೆಯ ಕೆಲಸ, ಬೇಗ ಆಯಿತು. ಮೊದಲ ಅರ್ಧ ಪುಟ ಪ್ರಶ್ನೆ, ಮೀನಿನವರಿಗೂ ತಿಳಿಯುವಂತೆ. ಮುಂದಿನ ಅರ್ಧ, ಈವರೆಗೆ ಅವಳು ಕಂಡುಕೊಂಡದ್ದು. ಎರಡನೆಯ ಪುಟ ಪೂರ್ತಿ ಮುಂದಿನದು. ಮೊದಲ ಎರಡು ವರ್ಷದಲ್ಲಿ ಖಂಡಿತ ಆಗುವಂಥದ್ದು, ಅಂದರೆ ಬೇರೆ ಬೇರೆ ತೋಟಗಳಿಂದ ರೋಗಾಣು ಕೂಡಿಸಿ ಯಾವುದು ಎಲ್ಲಿದೆ ಅಂತ ಪಟ್ಟಿ ಮಾಡುವುದು. ಆಮೇಲೆ ಆದರೂ ಆಗಬಹುದು ಆಗದೆಯೂ ಇರಬಹುದು ಅನ್ನುವಂಥದ್ದು, ಮಿಶ್ರತಳಿ ಹುಡುಕುವುದು. ಆಗದಿದ್ದರೆ ಏನು ಎಂಬುದಕ್ಕೂ ಎರಡು ಸಾಲು. ಇದನ್ನು ಬಹಳ ಜನ ಬರೆಯುವುದಿಲ್ಲ, ಹೆದರುತ್ತಾರೆ. ಮಿಶ್ರತಳಿ ಸಿಗದಿದ್ದರೆ, ಇಷ್ಟು ಹತ್ತಿರ ಇದ್ದೂ ಅವು ಯಾಕೆ ಬೆರೆಯುವುದಿಲ್ಲ ಎಂಬುದೇ ಒಳ್ಳೆಯ ಪ್ರಶ್ನೆ ಅಂತ ಅವಳು ಬರೆದದ್ದು ಇಡೀ ಕಾಗದದಲ್ಲಿ ನನಗೆ ಹಿಡಿಸಿದ ಸಾಲು. ಯಂತ್ರಕ್ಕೆ, ವಿದ್ಯಾರ್ಥಿಗಳಿಗೆ ದುಡ್ಡು ಎಲ್ಲಿಂದ ಕೇಳುತ್ತೇನೆ ಎಂಬುದೂ ಬಂತು. ಒಂದೊಂದು ಸಂಸ್ಥೆಗೆ ಕಳಿಸುವಾಗ ಅಲ್ಲಿ ಯಾರ ಜೊತೆ ಕೆಲಸ ಮಾಡಬಹುದು ಅಂತ ಒಂದು ಪ್ಯಾರಾ ಬೇರೆ. ಬರೀ ಹೆಸರು ಬದಲಾಯಿಸಿ ಕಳಿಸಿದರೆ ಓದುವವರಿಗೆ ಮೂರು ಸಾಲಿನಲ್ಲಿ ಗೊತ್ತಾಗುತ್ತದೆ. ಮದುವೆ ಕರೆಯೋಲೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಹೆಸರಿನ ಹಾಗೆ.

ಅಕ್ಕನಿಗೆ ಇದೆಲ್ಲದರ ನಡುವೆ ಒಂದೇ ಬೇಜಾರು. ‘ಐದು ವರ್ಷ ಬಿಟ್ಟು ಎಲ್ಲಿರ್ತೀಯ, ಏನು ಮಾಡ್ತೀಯ ಅಂತ ನಾನು ಎಷ್ಟು ಸಲ ಕೇಳಿದ್ದೇನೆ! ಒಂದು ದಿನ ಬಾಯಿ ಬಿಟ್ಟಿಲ್ಲ. ಗುರುತಿಲ್ಲದವರು ಕೇಳಿದ್ದಕ್ಕೆ ಎರಡು ಪುಟ ಬರ್ದು ಕೊಟ್ಟಳು’ ಅಂತ. ನಾನು ಆ ಎರಡು ಪುಟವನ್ನು ಕನ್ನಡದಲ್ಲಿ ಬರೆದು ಅಕ್ಕನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನ ಓದಿದಳು. ಮದುವೆಯ ಸುದ್ದಿ ಅದರಲ್ಲಿಲ್ಲ, ಆದರೆ ‘ಪಶ್ಚಿಮಘಟ್ಟದ ತೋಟಗಳಲ್ಲಿ ಪ್ರತಿ ಮಳೆಗಾಲ’ ಅಂತ ಒಂದು ಕಡೆ ಇದೆ. ‘ಅಂದರೆ ಮಳೆಗಾಲಕ್ಕೆ ಊರಿಗೆ ಬರ್ತಾಳೆ ಅಂತಲಾ?’ ಅಂದಳು. ಕೆಲಸ ಸಿಕ್ಕಿದರೆ ಬರುತ್ತಾಳೆ ಅಂದೆ.

ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಹನ್ನೊಂದು ಕಡೆ ಕಳಿಸಿದ್ದಾಳೆ. ಏಳು ಇಲ್ಲಿ, ನಾಲ್ಕು ಹೊರಗೆ. ಎರಡು ಕಡೆಯಿಂದ ಆಗಲೇ ಇಲ್ಲ ಅಂತ ಬಂದಿದೆ. ಒಂದು ಕಡೆಯಿಂದ ಆನ್‌ಲೈನ್ ಮಾತುಕತೆಗೆ ಕರೆದರು, ಮೂರು ವರ್ಷದಲ್ಲಿ ಇದೇ ಮೊದಲು. ಇಪ್ಪತ್ತೈದು ನಿಮಿಷ. ಕ್ಯಾನ್ಸರಿನ ಪ್ರಶ್ನೆ ಬಂತಂತೆ, ನಾವಂದುಕೊಂಡ ಹಾಗೇ. ಕೇಳಿದವರು ನಿಮ್ಮ ಎರಡನೆಯ ಪುಟದ ವಾಕ್ಯ ಓದಿದ್ದೇನೆ, ಅದನ್ನು ವಿವರಿಸಿ ಅಂದರಂತೆ. ಮುಂದಿನ ಸುತ್ತು ಇದ್ದರೆ ಡಿಸೆಂಬರಿನಲ್ಲಿ ತಿಳಿಸುತ್ತಾರೆ.

ಅಷ್ಟರೊಳಗೆ ಬೋಧನೆಯ ಕಾಗದ ಮುಗಿಸಬೇಕು. ಅದನ್ನು ನಿನ್ನೆ ರಾತ್ರಿ ಕಳಿಸಿದ್ದಾಳೆ. ಮೊದಲ ಪ್ಯಾರಾದಲ್ಲೇ ‘ವಿದ್ಯಾರ್ಥಿ ಕೇಂದ್ರಿತ’ ಅಂತ ಮೂರು ಸಲ ಬಂದಿದೆ. ಕೆಂಪು ಪೆನ್ನು ಹುಡುಕುತ್ತಿದ್ದೇನೆ. ಉಪ್ಪಿನ ಅಳತೆ ಬರುವ ವಾರ ಖಂಡಿತ.